ಕೆರೆಯಂಗಳದ ಕಾಲ್ಚೆಂಡು

ಬಸವನಗುಡಿಯ ಸಂಜೆಯೆಂದರೆ ಗಾಂಧಿ ಬಜಾರಿನ ಹೂವಿನ ಪರಿಮಳ, ವಿದ್ಯಾರ್ಥಿ ಭವನದ ಮುಂದೆ ದೋಸೆಗಾಗಿ ಕಾದು ನಿಂತವರ ಗುಂಪು, ಕಹಳೆ ಬಂಡೆಯ ಮೇಲೆ ಗಾಳಿಗೆ ಕುಳಿತ ಹಿರಿಯರು. ಈ ಚಿತ್ರದಲ್ಲಿ ಕಾಲ್ಚೆಂಡಿಗೆ ಎಡೆಯಿರುವಂತೆ ಮೇಲ್ನೋಟಕ್ಕೆ ತೋರದು. ನ್ಯಾಷನಲ್ ಕಾಲೇಜಿನ ಮೈದಾನದಲ್ಲಿಯೂ ಹುಡುಗರ ಕೈಯಲ್ಲಿ ಕಾಣುವುದು ಬಹುಮಟ್ಟಿಗೆ ಕ್ರಿಕೆಟ್ ಬ್ಯಾಟೇ. ಆದರೆ ಬೆಂಗಳೂರು ಎಫ್‌ಸಿ ತಂಡದ ಪಂದ್ಯವಿರುವ ಸಂಜೆ, ಅದೇ ಕಾಲೇಜಿನ ಹೆಸರು ಹೊತ್ತ ಮೆಟ್ರೋ ನಿಲ್ದಾಣದಲ್ಲಿ ನೀಲಿ ಅಂಗಿ ತೊಟ್ಟ ಮಕ್ಕಳೂ ಅವರ ಕೈಹಿಡಿದ ತಂದೆತಾಯಿಗಳೂ ಕಾಣಸಿಗುವರು. ಮೆಜೆಸ್ಟಿಕ್ಕಿನಲ್ಲಿ ಅವರು ಗಾಡಿ ಬದಲಾಯಿಸುವಷ್ಟರಲ್ಲಿ, ಸಂಪಿಗೆ ರಸ್ತೆಯ ಕಡೆಯಿಂದ ಮಲ್ಲೇಶ್ವರದವರೂ ಬಂದು ಕೂಡಿಕೊಳ್ಳುವರು. ಕಬ್ಬನ್ ಪಾರ್ಕಿನ ನಿಲ್ದಾಣದಲ್ಲಿ ಇಳಿದು ಕಸ್ತೂರಬಾ ರಸ್ತೆಯತ್ತ ನಡೆದರೆ ಶ್ರೀ ಕಂಠೀರವ ಕ್ರೀಡಾಂಗಣ.

ದೂರ ಸ್ವಲ್ಪವೇ. ಆದರೆ ಈ ಹಾದಿಯನ್ನು ಸವೆಸಲು ಹಳೆಯ ಬೆಂಗಳೂರಿಗೆ ನೂರು ವರ್ಷಗಳೇ ಹಿಡಿದುವೆಂದರೆ ಉತ್ಪ್ರೇಕ್ಷೆಯಾಗದು.

ಎರಡು ಊರು, ಒಂದು ಕೆರೆ

ಪಶ್ಚಿಮದಲ್ಲಿ ಕೋಟೆ ಮತ್ತು ಪೇಟೆ. ಪೂರ್ವದಲ್ಲಿ 1809ರಲ್ಲಿ ನೆಲೆಗೊಂಡ ದಂಡು. 1892ರಲ್ಲಿ ಚಾಮರಾಜಪೇಟೆಯೂ, 1898ರ ಪ್ಲೇಗಿನ ಹಾವಳಿಯ ತರುವಾಯ ಬಸವನಗುಡಿ ಮತ್ತು ಮಲ್ಲೇಶ್ವರಗಳೂ ಪೇಟೆಯ ಮಗ್ಗುಲಲ್ಲಿ ಬೆಳೆದುವು. ಇವುಗಳಿಗೂ ದಂಡಿಗೂ ನಡುವೆ ಕಬ್ಬನ್ ಉದ್ಯಾನ ಮತ್ತು ಸಂಪಂಗಿ ಕೆರೆ. 1949ರವರೆಗೆ ಎರಡು ಕಡೆಗೂ ಪುರಸಭೆಗಳೇ ಬೇರೆಯಾಗಿದ್ದುವು.

ಕಾಲ್ಚೆಂಡು ಬಂದುದು ದಂಡಿಗೆ. ಬಿಳಿಯ ಸಿಪಾಯಿಗಳು ಬೂಟು ತೊಟ್ಟು ಆಡುತ್ತಿದ್ದ ಆಟವನ್ನು, ದಂಡನ್ನು ನಂಬಿ ಬದುಕುತ್ತಿದ್ದ ಕುಟುಂಬಗಳ ಮಕ್ಕಳು ಮೈದಾನದ ಅಂಚಿನಲ್ಲಿ ನಿಂತು ನೋಡಿ, ಬರಿಗಾಲಿನಲ್ಲಿಯೇ ಕಲಿತರು. ಇತ್ತ ಗುಮಾಸ್ತರು, ಉಪಾಧ್ಯಾಯರು, ವಕೀಲರು ವಾಸಿಸುತ್ತಿದ್ದ ಹೊಸ ಬಡಾವಣೆಗಳಲ್ಲಿ ಮಕ್ಕಳಿಗೆ ತೋರಿಸಿದ ದಾರಿ ಬೇರೆ: ಪರೀಕ್ಷೆ, ಪದವಿ, ಸರ್ಕಾರಿ ನೌಕರಿ. ಆಟವೇನೋ ಸರಿ, ಅದರಿಂದ ಹೊಟ್ಟೆಗೆ ಹಿಟ್ಟು ಹುಟ್ಟೀತೆ ಎಂಬ ಪ್ರಶ್ನೆ ಆ ಮನೆಗಳಲ್ಲಿ ಸಹಜವಾಗಿತ್ತು. ಪ್ರಶ್ನೆ ತಪ್ಪಲ್ಲ. ಬೆಂಗಳೂರಿನ ಕಾಲ್ಚೆಂಡಿನ ಚರಿತ್ರೆಯೆಲ್ಲವೂ ಅದಕ್ಕೆ ಉತ್ತರವನ್ನು ಹುಡುಕಿದ ಚರಿತ್ರೆಯೇ.

ಬರಿಗಾಲಿನ ಕೀರ್ತಿ

1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಪಾರಿತೋಷಕವನ್ನು ಗೆದ್ದಿತು. 1891ರಲ್ಲಿ ಆರಂಭವಾದ ಆ ಪಂದ್ಯಾವಳಿಯಲ್ಲಿ ಅದುವರೆಗೆ ಸೈನ್ಯದ ತಂಡಗಳದೇ ಮೇಲುಗೈ. ಮರುವರ್ಷವೂ ಪಾರಿತೋಷಕ ಬೆಂಗಳೂರಿಗೇ ಬಂದಿತು. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946–47, 1952–53, 1967–68 ಮತ್ತು 1968–69ರಲ್ಲಿ, ಹೀಗೆ ನಾಲ್ಕು ಬಾರಿ ತನ್ನದಾಗಿಸಿಕೊಂಡಿತು.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಭಾರತವು ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನವರು. ಸಿಕ್ಕಿದ ಎರಡು ಪೆನಾಲ್ಟಿಗಳೂ ವ್ಯರ್ಥವಾಗಿ ತಂಡ 1–2ರಿಂದ ಸೋತಿತು. ಆದರೆ ಅಂದಿನ ಆ ಒಂದು ಗೋಲು, ಒಲಿಂಪಿಕ್ಸಿನಲ್ಲಿ ಭಾರತದ ಮೊತ್ತಮೊದಲ ಗೋಲು, ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಓಡಬಲ್ಲವರಾಗಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯದೆದುರು ಭಾರತವು 1–10ರಿಂದ ಸೋತಾಗ ಆ ಒಂದು ಗೋಲನ್ನು ಹೊಡೆದವರು ಅವರೇ. ಬರಿಗಾಲಿನಾಟದ ಕಾಲ ಮುಗಿಯಿತೆಂಬುದಕ್ಕೆ ಆ ಸೋಲೇ ಸಾರಿದ ಡಂಗುರವಾಯಿತು.

ಇಷ್ಟೆಲ್ಲ ಕೀರ್ತಿಯಿದ್ದರೂ ಅಹಮದ್ ಖಾನರ ಉಜ್ವಲ ವರ್ಷಗಳು ಕಳೆದುದು ಬೆಂಗಳೂರಿನಲ್ಲಲ್ಲ, ಕಲ್ಕತ್ತೆಯಲ್ಲಿ. ಈಸ್ಟ್ ಬೆಂಗಾಲ್ ಕ್ಲಬ್ಬಿನ ಐವರು ಮುಂಪಡೆಯ ಆಟಗಾರರನ್ನು ಅಲ್ಲಿಯ ಜನ ಪಂಚಪಾಂಡವರೆಂದು ಕರೆದರು. ಅವರಲ್ಲಿ ಅಹಮದ್ ಖಾನರೊಬ್ಬರು. ಅದಕ್ಕೂ ಮುನ್ನ 1934ರಿಂದ 1938ರವರೆಗೆ ಸತತವಾಗಿ ಐದು ಬಾರಿ ಕಲ್ಕತ್ತೆಯ ಲೀಗನ್ನು ಗೆದ್ದ ಮಹಮಡನ್ ಸ್ಪೋರ್ಟಿಂಗ್ ತಂಡದಲ್ಲಿಯೂ ಬೆಂಗಳೂರಿನ ಆಟಗಾರರಿದ್ದರು. ಬೆಳೆ ಇಲ್ಲಿಯದು, ಕಣಜ ಅಲ್ಲಿಯದು.

ಕಾರ್ಖಾನೆಯ ಅನ್ನ

ಆಟವಾಡಿಯೇ ಬದುಕುವ ವ್ಯವಸ್ಥೆಯನ್ನು ಜಗತ್ತಿಗೆ ತೋರಿಸಿದುದು ಇಂಗ್ಲೆಂಡು. 1885ರಲ್ಲಿ ಅಲ್ಲಿ ಹಣ ಪಡೆದು ಆಡಲು ಒಪ್ಪಿಗೆ ದೊರೆಯಿತು. 1888ರಲ್ಲಿ ಹನ್ನೆರಡು ಕ್ಲಬ್ಬುಗಳು ಕೂಡಿ ಲೀಗನ್ನು ಕಟ್ಟಿದುವು. ಇಂದು ಚಾಮರಾಜಪೇಟೆಯ ಹುಡುಗನಿಗೂ ಕಂಠಪಾಠವಾಗಿರುವ ಹೆಸರುಗಳ ಮೂಲವನ್ನು ನೋಡಿದರೆ ಆಶ್ಚರ್ಯವಾಗದಿರದು. ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ರೈಲ್ವೆ ಕೆಲಸಗಾರರು ಕಟ್ಟಿದ ತಂಡ. ಆರ್ಸೆನಲ್ 1886ರಲ್ಲಿ ಮದ್ದುಗುಂಡಿನ ಕಾರ್ಖಾನೆಯವರು ಕಟ್ಟಿದುದು. 1992ರಲ್ಲಿ ಹುಟ್ಟಿದ ಪ್ರೀಮಿಯರ್ ಲೀಗಿನ ಸಿರಿವಂತಿಕೆಯ ಬುಡದಲ್ಲಿರುವುದು ಕೇರಿ ಮತ್ತು ಕಾರ್ಖಾನೆ.

ಬೆಂಗಳೂರಿಗೂ ಅದೇ ಬಗೆಯ ಬೇರುಗಳಿದ್ದುವು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ ಸ್ಥಾಪನೆಯಾದುವು, ಎಚ್.ಎ.ಎಲ್., ಐ.ಟಿ.ಐ. ತಂಡಗಳು ಸ್ಥಳೀಯ ಲೀಗಿನ ಜೀವಾಳವಾದುವು. ಆದರೆ ಇಲ್ಲಿ ಆಟಕ್ಕೆ ದೊರೆತುದು ಸಂಬಳವಲ್ಲ, ನೌಕರಿ. ಚೆನ್ನಾಗಿ ಆಡುವ ಹುಡುಗನಿಗೆ ಕಾರ್ಖಾನೆಯಲ್ಲಿ ಕೆಲಸ. ಕಾಲು ಸೋತ ಮೇಲೂ ನಿವೃತ್ತಿಯವರೆಗೆ ಅನ್ನ. ಬಡ ಮನೆಯೊಂದಕ್ಕೆ ಇದಕ್ಕಿಂತ ದೊಡ್ಡ ಪಾರಿತೋಷಕ ಯಾವುದಿದ್ದೀತು? ಗ್ರಂಥಾಲಯದಲ್ಲಿ ಕುಳಿತು ಓದಿದ ಬಸವನಗುಡಿಯ ಹುಡುಗನೂ, ಆಸ್ಟಿನ್ ಟೌನಿನ ಮಣ್ಣಿನಲ್ಲಿ ಓಡಿದ ಹುಡುಗನೂ ಕೊನೆಗೆ ಬಯಸಿದುದು ಒಂದೇ: ತಿಂಗಳ ಕೊನೆಯ ಭರವಸೆ.

ನೀಲಿ ಪಡೆ

ರಾಷ್ಟ್ರೀಯ ಲೀಗು 1996ರಲ್ಲಿ ಆರಂಭವಾಯಿತು. ಅದರ ಸ್ಥಾನದಲ್ಲಿ 2007ರಲ್ಲಿ ಐ-ಲೀಗ್ ಬಂದಿತು. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್‌ಸಿ ತನ್ನ ಮೊದಲ ವರ್ಷದಲ್ಲಿಯೇ, ಸುನಿಲ್ ಛೆತ್ರಿಯವರ ನಾಯಕತ್ವದಲ್ಲಿ, ಐ-ಲೀಗನ್ನು ಗೆದ್ದಿತು. 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೇರಿದ ಮೊದಲ ಭಾರತೀಯ ಕ್ಲಬ್ಬಾಯಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗನ್ನು ಸೇರಿ, 2018–19ರಲ್ಲಿ ಅದನ್ನೂ ಗೆದ್ದಿತು.

ದಂಡಿನ ಆಟವನ್ನು ಪತ್ರಿಕೆಯಲ್ಲಿ ಮಾತ್ರ ಓದುತ್ತಿದ್ದ ಪಶ್ಚಿಮದ ಬಡಾವಣೆಗಳು ಕ್ರೀಡಾಂಗಣದ ಮೆಟ್ಟಿಲೇರಿದುದು ಆಗ. ಕಂಠೀರವದ ಪಶ್ಚಿಮ ಭಾಗದಲ್ಲಿ ನೀಲಿ ಅಂಗಿಯವರು ಪಂದ್ಯ ಮುಗಿಯುವವರೆಗೆ ನಿಂತೇ ಹಾಡುವರು. ಅಲ್ಲಿ ಗಾಂಧಿ ಬಜಾರಿನವರು ಯಾರು, ಹಲಸೂರಿನವರು ಯಾರೆಂದು ಗುರುತಿಸಲಾಗದು. ಆ ನೆಲವಾದರೂ ಯಾವುದು? ಎರಡು ಊರುಗಳ ನಡುವೆ ಹರಡಿದ್ದ ಸಂಪಂಗಿ ಕೆರೆಯ ಅಂಗಳವೇ. ಕರಗದ ವಿಧಿಗಳಿಗೆಂದು ಉಳಿದಿರುವ ಪುಟ್ಟ ಕೊಳವೊಂದೇ ಅದರ ಕುರುಹು.

ಆದರೂ ಹಳೆಯ ಪ್ರಶ್ನೆ ಬಿಟ್ಟುಹೋಗಿಲ್ಲ. 2025ರ ಜುಲೈಯಲ್ಲಿ, ಲೀಗನ್ನು ನಡೆಸುವ ಒಪ್ಪಂದದ ಮುಂದುವರಿಕೆ ಇತ್ಯರ್ಥವಾಗದೆ ಆ ವರ್ಷದ ಆಟಗಳನ್ನು ಮುಂದೂಡಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಸಂಬಳವನ್ನೇ ತಡೆಹಿಡಿಯುವುದಾಗಿ ಪ್ರಕಟಿಸಿತು. ಸಾವಿರಾರು ಕಂಠಗಳು ಹಾಡಿದ ಮೈದಾನ ಇದ್ದಲ್ಲಿಯೇ ಇದ್ದಿತು; ಆಟಗಾರನ ತಿಂಗಳ ಕೊನೆ ಮಾತ್ರ ಅಲುಗಾಡಿತು. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಹಿಂದಿನವರಿಗೆ ಈ ಭಯವಿರಲಿಲ್ಲ.

ಹಲಸೂರಿನ ಬಳಿಯ ಗೌತಮಪುರದಲ್ಲಿ, ಬುದ್ಧ ಮತ್ತು ಅಂಬೇಡ್ಕರರ ಪ್ರತಿಮೆಗಳ ಜೊತೆಯಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯೊಂದಿದೆ. ಅದರ ಸುತ್ತಿನ ಗಲ್ಲಿಗಳ ಮಕ್ಕಳಿಗೆ ಆಟವೆಂದರೆ ಕಾಲ್ಚೆಂಡೇ. 2023ರ ಮಾರ್ಚಿಯಲ್ಲಿ ದೂರದ ರಿಯಾದಿನಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಮರಳಿ ತಂದಿತು. ಅಂದಮೇಲೆ ನೆಲ ಬಂಜೆಯಾಗಿಲ್ಲ.

ಕೆರೆ ತುಂಬಬೇಕಾದರೆ ಕಾಲುವೆಗಳು ತೆರೆದಿರಬೇಕೆಂಬುದು ಈ ಊರಿನ ಹಿರಿಯರು ಬಲ್ಲ ಮಾತು. ಬಡಾವಣೆಗಳ ಬಯಲುಗಳು ಉಳಿದು, ಚೆನ್ನಾಗಿ ಆಡುವ ಹುಡುಗ ಹುಡುಗಿಯರಿಗೆ ನಾಳೆಯ ಅನ್ನದ ಭರವಸೆ ದೊರೆತರೆ, ಕಂಠೀರವದಲ್ಲಿ ಒಂದು ದಿನ ಬಸವನಗುಡಿಯ ಮಗುವೂ ಗೌತಮಪುರದ ಮಗುವೂ ಒಂದೇ ತಂಡದಲ್ಲಿ ಆಡಿಯಾರು. ಮನೆಯ ಹಿರಿಯರು ಆಗಲೂ ಆ ಹಳೆಯ ಪ್ರಶ್ನೆಯನ್ನು ಕೇಳುವರು. ಉತ್ತರ ಕೊಡಬೇಕಾದುದು ಮಕ್ಕಳಲ್ಲ, ಲೀಗು.