ನಮ್ಮ ಚರ್ಮ ಹೇಳುವ ಸಾಕ್ಷಿ

ಯಡ್ತರೆಯಲ್ಲಿ ಮಳೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಆ ತಿಂಗಳುಗಳಲ್ಲಿ ನಮ್ಮ ಜನರ ಕೈಕಾಲು ನೋಡಿದರೆ ಸಾಕು, ಯಾರು ಯಾವ ಕೆಲಸದವರು ಅಂತ ಹೇಳಬಹುದು. ನೆಟ್ಟಿ ಗದ್ದೆಯಲ್ಲಿ ನಿಂತ ಹೆಂಗಸರ ಕಾಲ್ಬೆರಳ ಸಂದು ಬಿಳಿಚಿ ಬಿರಿದಿರುತ್ತದೆ. ಗೇರುಬೀಜದ ಕಾರ್ಖಾನೆಗೆ ಹೋದವರ ಬೆರಳ ತುದಿ ಕಪ್ಪಾಗಿ ಸುಲಿದಿರುತ್ತದೆ. ಕಾಂಕ್ರೀಟ್ ಕೆಲಸಕ್ಕೆ ಹೋಗುವವರ ಮುಂಗೈ ದಪ್ಪಗಟ್ಟಿ ಸೀಳಿರುತ್ತದೆ. ಕೇಳಿದರೆ ಒಂದೇ ಮಾತು: "ಎಂತ ಇಲ್ಲ ಮಗಾ, ಸಲ್ಪ ತುರ್ಸತ್ತ್ ಅಷ್ಟೇ."

ಈ 'ಸಲ್ಪ'ದ ಬಗ್ಗೆಯೇ ನಾವು ಬರೆಯಬೇಕಾಗಿದೆ. ನಮ್ಮ ಮನೆಗಳಲ್ಲಿ ಡಾಕ್ಟರ ಚೀಟಿ ಓದಬಲ್ಲವರು ಹುಟ್ಟಿದ್ದು ಈ ತಲೆಮಾರಿನಲ್ಲಿ. ಓದಿದ್ದನ್ನು ನಮ್ಮವರಿಗೇ ಹೇಳದಿದ್ದರೆ ಆ ಡಿಗ್ರಿ ಗೋಡೆಯ ಮೊಳೆಗೆ ಭಾರ, ಅಷ್ಟೇ.

ಡಾಕ್ಟರರು ಇದಕ್ಕೆ ಉರಿಯೂತ ಅನ್ನುತ್ತಾರೆ. ದೇಹಕ್ಕೆ ತನ್ನದೇ ಕಾವಲು ಪಡೆ ಇದೆ. ಹೊರಗಿನದೇನೋ ಚರ್ಮ ಕೆರಳಿಸಿದಾಗ, ಅಥವಾ ಪಡೆಯೇ ದಾರಿ ತಪ್ಪಿದಾಗ, ಅಲ್ಲಿಗೆ ರಕ್ತ ನುಗ್ಗುತ್ತದೆ. ಉರಿ, ಊತ, ತುರಿಕೆ ಏಳುತ್ತವೆ. ಇಸುಬು ಈ ಜಾತಿಯದು. ಮೊದಲು ಸಣ್ಣ ಗುಳ್ಳೆ, ಸೋರುವ ನೀರು. ತುರಿಸಿ ತುರಿಸಿ ತಿಂಗಳು ಕಳೆದರೆ ಚರ್ಮ ದಪ್ಪಗಾಗಿ ಗೆರೆ ಬೀಳುತ್ತದೆ. ಕೆಲವು ಮಕ್ಕಳಿಗೆ ಕೂಸಿದ್ದಾಗಲೇ ಕೆನ್ನೆಯಲ್ಲಿ ಶುರುವಾಗಿ ಆಮೇಲೆ ಮೊಣಕೈ, ಮೊಣಕಾಲಿನ ಮಡಿಕೆಗೆ ಇಳಿಯುತ್ತದೆ. ಅಂಥ ಮನೆಯಲ್ಲಿ ಉಬ್ಬಸದವರೋ ಸದಾ ಸೀನುವವರೋ ಇರುವುದುಂಟು. ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ಊನವಿದ್ದರೆ ಹೀಗಾಗುತ್ತದೆಂದು 2006ರಲ್ಲಿ ಗೊತ್ತಾಯಿತು. ಗಾರೆ ಕಡಿಮೆಯಾದ ಗೋಡೆಯ ಹಾಗೆ ಚರ್ಮ ಒಳಗಿನ ನೀರನ್ನು ಬಿಟ್ಟುಕೊಡುತ್ತದೆ, ಹೊರಗಿನ ಕೊಳೆಯನ್ನು ಒಳಗೆ ಬಿಡುತ್ತದೆ.

ಸೋರಿಯಾಸಿಸ್ ಬೇರೆ. ಚರ್ಮದ ಕಣ ಹುಟ್ಟಿ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ಇಲ್ಲಿ ವಾರದೊಳಗೆ ಎಲ್ಲ ಮುಗಿಯುತ್ತದೆ. ಹಾಗಾಗಿ ಮೊಣಕೈ, ಮೊಣಕಾಲು, ತಲೆಯ ಮೇಲೆ ಬೆಳ್ಳಿಯಂಥ ಹೊಟ್ಟು ಒಟ್ಟುತ್ತದೆ. ಉಗುರಿನಲ್ಲಿ ಸೂಜಿ ಚುಚ್ಚಿದಂಥ ಗುಳಿ ಬೀಳಬಹುದು, ಗಂಟು ನೋವೂ ಬರಬಹುದು. ಇನ್ನು ಪಿತ್ತದ ಗಂಧೆ: ದದ್ದು ಏಳುತ್ತದೆ, ದಿನ ಕಳೆಯುವುದರೊಳಗೆ ಇಳಿಯುತ್ತದೆ, ಮತ್ತೊಂದು ಕಡೆ ಏಳುತ್ತದೆ.

ಇವು ಮೂರೂ ಅಂಟುವುದಿಲ್ಲ. ಅಂಟುವುದು ಹುಳದಿಂದ ಬರುವ ತುರಿಕಜ್ಜಿ, ಬೂಷ್ಟಿನಿಂದ ಬರುವ ಹುಳುಕಡ್ಡಿ. ಅವಕ್ಕೂ ಔಷಧ ಇದೆ.

ಆದರೆ ನಮ್ಮ ಕೇರಿಯ ಇಸುಬು ಬಹಳ ಸಲ ಹುಟ್ಟಿನದಲ್ಲ, ಕೂಲಿಯದು. ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಎಂಬ ಸುಡುವ ವಸ್ತುಗಳಿವೆ. ಪೋರ್ಚುಗೀಸರು ಬ್ರೆಜಿಲ್ಲಿನಿಂದ ತಂದ ಈ ಮರದ ಬಿಳಿ ತಿರುಳು ಸೀಮೆ ದಾಟಿ ಹೋಗುತ್ತದೆ. ಎಣ್ಣೆ ಮಾತ್ರ ಸಿಪ್ಪೆ ಒಡೆಯುವ ಹೆಂಗಸಿನ ಬೆರಳಲ್ಲಿ ಉಳಿಯುತ್ತದೆ. ಸಿಮೆಂಟಿನದೂ ಅದೇ ಕತೆ. ನೀರು ಬಿದ್ದ ಸಿಮೆಂಟು ಸುಣ್ಣದಂತೆ ಚರ್ಮ ತಿನ್ನುತ್ತದೆ. ಅದರೊಳಗಿನ ಕ್ರೋಮಿಯಂ ಒಮ್ಮೆ ಮೈಗೆ ಆಗದೆಹೋದರೆ, ಮುಂದೆ ಚೂರು ತಾಗಿದರೂ ಕೈ ಕೆರಳುತ್ತದೆ. ಇದಕ್ಕೆ ದಾರಿಯಿಲ್ಲವೆಂದಲ್ಲ. ಫೆರಸ್ ಸಲ್ಫೇಟ್ ಬೆರೆಸಿದರೆ ಆ ಕ್ರೋಮಿಯಂನ ವಿಷ ಇಳಿಯುತ್ತದೆ. ಯುರೋಪ್ ಒಕ್ಕೂಟ 2005ರಿಂದ ಅದು ಹತ್ತು ಲಕ್ಷ ಭಾಗಕ್ಕೆ 2 ಭಾಗ ಮೀರಬಾರದೆಂದು ಕಟ್ಟುಪಾಡು ಮಾಡಿತು. ಕೂಲಿಯವನ ಕೈಗೆ ಬೆಲೆ ಕಟ್ಟಿದರೆ ಕಾರ್ಖಾನೆಯೂ ಬದಲಾಗುತ್ತದೆ.

ಇನ್ನೊಂದು ಅನ್ಯಾಯ ಪುಸ್ತಕದೊಳಗೇ ಇದೆ. ಉರಿಯೂತದ ಗುರುತು 'ಕೆಂಪು' ಎಂದು ಬರೆದಿರುತ್ತಾರೆ. ನಮ್ಮ ಕಪ್ಪು ಮೈಯಲ್ಲಿ ಅದು ಕೆಂಪಾಗಿ ಕಾಣುವುದೇ ಕಮ್ಮಿ. ನೇರಳೆ, ಕಂದು, ಬೂದಿ ಬಣ್ಣದಲ್ಲಿ ಕಾಣುತ್ತದೆ. ರೋಗ ಇಳಿದ ಮೇಲೂ ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಲಂಡನ್ನಿನ ಸೇಂಟ್ ಜಾರ್ಜಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕಪ್ಪು ಹುಡುಗ ಮಲೋನ್ ಮುಕ್ವೆಂಡೆ, ಪಾಠದ ಚಿತ್ರಗಳೆಲ್ಲ ಬಿಳಿ ಚರ್ಮದವೇ ಯಾಕೆ ಎಂದು ಕೇಳಿ, ಇಬ್ಬರು ಅಧ್ಯಾಪಕರ ಜೊತೆ 2020ರಲ್ಲಿ 'ಮೈಂಡ್ ದಿ ಗ್ಯಾಪ್' ಎಂಬ ಕೈಪಿಡಿ ತಂದ. ಆ ಪ್ರಶ್ನೆ ನಮ್ಮದೂ ಹೌದು.

ಕಾರಣ ಕಾಣದ ಕಡೆ ಪಾಪ ಕಾಣಿಸುತ್ತಾರೆ. ಕರಾವಳಿಯಲ್ಲಿ ಚರ್ಮದ ರೋಗವೆಂದರೆ ನಾಗದೋಷ. ಮೈಗೆ ಸುತ್ತಿ ಏಳುವ ಗುಳ್ಳೆಗೆ ಹೆಸರೇ ಸರ್ಪಸುತ್ತು. ಅದು ಹಿಂದೆ ಬಂದುಹೋದ ಸಿಡುಬಿನ ವೈರಸ್ಸು ನರದಲ್ಲಿ ಮಲಗಿದ್ದು ಮತ್ತೆ ಎದ್ದದ್ದು — ದೊಡ್ಡ ಸಿಡುಬಲ್ಲ, ಮಕ್ಕಳಿಗೆ ಬರುವ ನೀರು ಸಿಡುಬು. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ಹೊತ್ತಿಗೆ ಬ್ರಾಹ್ಮಣರು ಉಂಡ ಎಲೆಗಳ ಮೇಲೆ ಉರುಳಿದರೆ ಚರ್ಮರೋಗ ವಾಸಿಯಾಗುತ್ತದೆಂದು ನಂಬಿಸಲಾಗಿತ್ತು. ಉರುಳುವ ಮೈ ಯಾರದು, ಉಣ್ಣುವ ಬಾಯಿ ಯಾರದು? ಹೋರಾಟ, ಕೋರ್ಟು ಎಲ್ಲ ಆಗಿ, 2017ರಲ್ಲಿ ಒಪ್ಪಿಗೆ ಪಡೆದು 2020ರಲ್ಲಿ ಜಾರಿಗೆ ಬಂದ ರಾಜ್ಯದ ಮೌಢ್ಯ ವಿರೋಧಿ ಕಾಯಿದೆ ಮಡೆಸ್ನಾನವನ್ನು ಅಪರಾಧಗಳ ಪಟ್ಟಿಗೆ ಸೇರಿಸಿತು.

ಇದಕ್ಕಿಂತ ಘೋರವಾದದ್ದು ಅಜಲು. ಕಾಯಿಲೆಯವರ ಕೂದಲು, ಉಗುರು ಅನ್ನದಲ್ಲಿ ಕಲಸಿ ಕೊರಗ ಬಂಧುಗಳಿಗೆ ಉಣಿಸುತ್ತಿದ್ದರು. ರೋಗ ಅವರ ಮೈಗೆ ದಾಟಲಿ ಅಂತ. ಅದನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬೇಕಾಯಿತು. ಒಬ್ಬರ ರೋಗ ಇನ್ನೊಬ್ಬರ ಮೈಗೆ ಹೊರಿಸಬಹುದೆಂದು ನಂಬಿದ ಸಮಾಜ, ಅದೇ ಮೈಯನ್ನು ಮುಟ್ಟಲಾಗದ್ದು ಎಂದಿತು.

ಕಾಯಿದೆ ಬಂದರೂ ದೃಷ್ಟಿ ಉಳಿದಿದೆ. ಇಸುಬಿನ ಮಗುವನ್ನು ಬೇರೆ ಬೆಂಚಿನಲ್ಲಿ ಕೂರಿಸಿದ ಮಾಸ್ತರರನ್ನು ನಾವು ಬಲ್ಲೆವು. ಸೋರಿಯಾಸಿಸ್ ಇದ್ದ ಅಕ್ಕನಿಗೆ ಮದುವೆ ಮನೆಯಲ್ಲಿ ಬಡಿಸುವ ಸೌಟು ಕೊಡದವರನ್ನೂ ಬಲ್ಲೆವು. ಅವರಲ್ಲಿ ನಮ್ಮವರೂ ಇದ್ದರು.

ಹಾಗಾದರೆ ಮಾಡುವುದೇನು? ಮೆಡಿಕಲ್ ಶಾಪಿನವರು ಕೇಳಿದ ತಕ್ಷಣ ಕೊಡುವ ಟ್ಯೂಬನ್ನು ಡಾಕ್ಟರರನ್ನು ಕೇಳದೆ ಹಚ್ಚಬೇಡಿ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಹುಳುಕಡ್ಡಿಯ ತುರಿಕೆ ಅಡಗುತ್ತದೆ, ಬೂಷ್ಟು ಒಳಗೊಳಗೇ ಹಬ್ಬುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಡಾಕ್ಟರು ನೋಡಿ ಇಸುಬಿಗೆ ಕೊಟ್ಟರೆ ಅದೇ ಒಳ್ಳೆಯ ಔಷಧ. ಮಿಂದ ಮೈ ಪೂರ್ತಿ ಒಣಗುವ ಮೊದಲೇ ತೆಂಗಿನೆಣ್ಣೆ ಹಚ್ಚಿ. ಕೆಲಸದಿಂದ ಬಂದವರು ಸಿಮೆಂಟು ಅಂಟಿದ ಬಟ್ಟೆ ಕಳಚಿ ಕೈಕಾಲು ತೊಳೆಯಿರಿ. ಯಾವ ವಸ್ತು ಮೈಗಾಗದು ಎಂದು ತಿಳಿಯಲು ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪ್ಯಾಚ್ ಟೆಸ್ಟ್ ಇದೆ. ಅದು ತಾಲೂಕು ಆಸ್ಪತ್ರೆಯಲ್ಲೇ ಸಿಗಲಿ ಎಂದು ಕೇಳೋಣ. ಕೂಲಿಯ ಜೊತೆ ಕೈಗವಸು, ಬೂಟು ಕೇಳೋಣ. ಇದು ಭಿಕ್ಷೆಯಲ್ಲ, ಸುಲಿದ ಚರ್ಮದ ಬಾಕಿ.

ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು: ಇಸುಬಿನ ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸಿ. ಅಂಟುವುದಿಲ್ಲ. ತರಗತಿಯ ಉಳಿದ ಮಕ್ಕಳು ಅದನ್ನು ನೋಡಲಿ.