ಮಿಂಚಿಗೂ ಗುಡುಗಿಗೂ ನಡುವೆ ಎಷ್ಟು ಸೆಕೆಂಡ್?

ಏಪ್ರಿಲ್, ಮೇ ಬಂತೆಂದರೆ ನಾನು ತಪ್ಪದೆ ಕಳಿಸುವ ಸುದ್ದಿಯೊಂದಿದೆ: ‘ಸಿಡಿಲು ಬಡಿದು ಕುರಿಗಾಹಿ ಸಾವು’. ಪತ್ರಿಕೆಯಲ್ಲಿ ನಾಲ್ಕು ಸಾಲು. ಹೆಸರು, ವಯಸ್ಸು, ಸತ್ತ ಕುರಿಗಳ ಲೆಕ್ಕ, ಮುಗೀತು.

ಎರಡು ವರ್ಷದ ಹಿಂದೆ ಹೀಗೇ ಒಂದು ಹೊಲಕ್ಕೆ ಹೋಗಿದ್ದೆ. ಬೇವಿನ ಮರದ ಕೆಳಗೆ ಬುತ್ತಿಗಂಟು ಬಿಚ್ಚದೆ ಹಾಗೇ ಇತ್ತು. ತೀರಿಕೊಂಡವನ ತಮ್ಮ ಹೇಳಿದ: “ಮಿಂಚತಿತ್ರೀ ಸರ. ಗುಡುಗು ತಡಾ ಆಗಿ ಕೇಳತಿತ್ತು. ದೂರ ಐತಿ ಅನ್ಕೊಂಡ್ವಿ.”

ಎಷ್ಟು ತಡ ಅಂತ ಕೇಳಿದೆ.

“ಹತ್ತು ಎಣಸೂವಷ್ಟು.”

ಮಿಂಚು ಹೊಳೆದ ಕೂಡಲೇ ಕಣ್ಣಿಗೆ ಕಾಣುತ್ತೆ. ಗುಡುಗಿನ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುತ್ತೆ. ಕಿಲೋಮೀಟರಿಗೆ 3 ಸೆಕೆಂಡ್ ಲೆಕ್ಕ. 10 ಸೆಕೆಂಡ್ ಅಂದರೆ ಬರೀ 3 ಕಿಲೋಮೀಟರ್. ಸಿಡಿಲು ಮಳೆ ಬೀಳುವ ಜಾಗದಿಂದ 10 ಕಿಲೋಮೀಟರ್ ಆಚೆಗೂ ಬಡಿಯಬಹುದು. ಹಾಗಾಗಿ ಮಿಂಚಿದ ಮೇಲೆ 30 ಸೆಕೆಂಡಿನೊಳಗೆ ಗುಡುಗಿದರೆ ಆರ್‌ಸಿಸಿ ಮನೆಯನ್ನೋ ಬಾಗಿಲು ಹಾಕಿದ ಕಾರನ್ನೋ ಸೇರಬೇಕು. ಮರದ ಕೆಳಗಂತೂ ನಿಲ್ಲಲೇಬಾರದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಹೊರಗೆ ಬರಬಾರದು. ಹೊಲದಲ್ಲಿ ಆರ್‌ಸಿಸಿ ಎಲ್ಲಿಂದ ತರೋದು ಅಂತೀರಾ? ಅದಕ್ಕೇ ಬೇಗ ಹೊರಡಬೇಕು.

(ಪಂಚಾಂಗದ ಒಂದು ವಿಗಳಿಗೆ ಅಂದರೆ 24 ಸೆಕೆಂಡ್. ಮುಹೂರ್ತಕ್ಕಾದರೆ ಅದನ್ನೂ ಬಿಡದೆ ನೋಡ್ತೀವಿ.)

ಇಷ್ಟನ್ನೂ ಸುದ್ದಿಯ ಜೊತೆ ಬರೆದು ಕಳಿಸಿದ್ದೆ. ಜಾಗ ಇಲ್ಲ ಅಂತ ಡೆಸ್ಕಿನಲ್ಲಿ ಕತ್ತರಿಸಿದರು.

ಅಪ್ಪ ಈಗಲೂ ಹೊಲಕ್ಕೆ ಹೋಗ್ತಾನೆ. ಮೋಡ ಕಟ್ಟಿದ ದಿನ ಫೋನ್ ಮಾಡಿ, “ಎಷ್ಟಕ್ಕ ಬಂತಪ್ಪಾ?” ಅಂತ ಕೇಳ್ತೀನಿ. ಮೊನ್ನೆ “ಹದಿನಾಲ್ಕಕ್ಕ” ಅಂದ. ಆಗಲೇ ಮನೆ ಹಾದಿ ಹಿಡಿದಿದ್ದ.