ಕಾಮರ್ಸ್ ಕಣ್ಣಲ್ಲಿ, ಭಾಗ 6: ಕೊಟೇಶನ್‌ನಲ್ಲಿ ಕಾಣದ ಖರ್ಚು

ಫ್ರೆಂಡ್ಸ್, ಇವತ್ತಿನ ಪ್ರಶ್ನೆ ಇದು: ಒಂದು ಆಸ್ಪತ್ರೆ ಎಐ ತಗೋಬೇಕಾ ಬೇಡ್ವಾ ಅಂತ ಹೇಗೆ ತೀರ್ಮಾನ ಮಾಡ್ಬೇಕು? "ಡಾಕ್ಟರ್ ಕೆಲಸ ಹೋಗುತ್ತಾ" ಅನ್ನೋ ರೀಲ್ಸ್ ಸಾಕಷ್ಟು ನೋಡಿದ್ದೀರಿ. ಇದು ನಮ್ಮ ಕಾಸ್ಟ್ ಅಕೌಂಟಿಂಗ್ ಪೇಪರ್‌ಗೆ ಹತ್ತಿರದ ವಿಷಯ. ಸ್ವಲ್ಪ ಉದ್ದ ಇದೆ, ಓದಿ.

ಈ ಸೆಮ್‌ನಲ್ಲಿ ನನ್ನ ಇಂಟರ್ನ್‌ಶಿಪ್ ನಮ್ಮ ತಾಲ್ಲೂಕಿನ ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ, ಅಕೌಂಟ್ಸ್ ಕಡೆ. ಅಲ್ಲಿನ ಡಾಕ್ಟರ್ ಒಂದು ಕೊಟೇಶನ್ ಕೈಗೆ ಕೊಟ್ಟು, "ಇದು ನಮಗೆ ಗಿಟ್ಟುತ್ತಾ ನೋಡಮ್ಮ" ಅಂದ್ರು. ಶುಗರ್ ಇರೋರ ಕಣ್ಣಿನ ಒಳಭಾಗದ ಫೋಟೋ ತೆಗೆದು, ರೆಟಿನಾಗೆ ತೊಂದರೆ ಶುರುವಾಗಿದ್ಯಾ ಅಂತ ಹೇಳೋ ಎಐ ಅದು.

ಉಪಯೋಗ ಇದೆಯಾ? ಖಂಡಿತ ಇದೆ. ಶುಗರ್‌ನಿಂದ ರೆಟಿನಾದ ಸಣ್ಣ ರಕ್ತನಾಳಗಳು ಹಾಳಾಗುವಾಗ ಮೊದಮೊದಲು ನೋವೂ ಇರಲ್ಲ, ಮಂಜೂ ಇರಲ್ಲ. ಗೊತ್ತಾಗುವಷ್ಟರಲ್ಲಿ ಎಷ್ಟೋ ಸಲ ತಡ ಆಗಿರುತ್ತೆ. ಅದಕ್ಕೇ ವರ್ಷಕ್ಕೊಮ್ಮೆ ಕಣ್ಣು ತೋರಿಸಿ ಅಂತಾರೆ. ಆದರೆ ರೆಟಿನಾ ಡಾಕ್ಟರ್ ಇರೋದು ದೊಡ್ಡ ಊರಲ್ಲಿ. ನಮ್ಮ ತಾಲ್ಲೂಕಲ್ಲಿ ಒಬ್ಬರೂ ಇಲ್ಲ.

ಕೊಟೇಶನ್‌ನಲ್ಲಿ ಕ್ಯಾಮೆರಾ ಬೆಲೆ, ಸಾಫ್ಟ್‌ವೇರ್ ಚಾರ್ಜ್, ವಾರ್ಷಿಕ ಮೇಂಟೆನೆನ್ಸ್, ಎಲ್ಲಾ ನೀಟಾಗಿತ್ತು. ಫಿಕ್ಸೆಡ್ ಕಾಸ್ಟ್, ವೇರಿಯಬಲ್ ಕಾಸ್ಟ್, ಬ್ರೇಕ್ ಈವನ್ ಹಾಕಿದ್ರೆ ನನ್ನ ಕೆಲಸ ಮುಗೀತು. ಅದಕ್ಕೆ ಮುಂಚೆ, ಇಂಥದ್ದನ್ನ ಬೇರೆ ಕಡೆ ಬಳಸಿದಾಗ ಏನಾಯ್ತು ಅಂತ ಹುಡುಕಿದೆ.

ಸಿಕ್ಕಿದ್ದು ಥೈಲ್ಯಾಂಡ್ ಕಥೆ. ಗೂಗಲ್ ಇದೇ ಕಾಯಿಲೆ ಪತ್ತೆ ಮಾಡೋ ಎಐ ಬಗ್ಗೆ 2016ರಲ್ಲಿ ಸಂಶೋಧನೆ ಪ್ರಕಟಿಸಿತ್ತು. ಅದಕ್ಕೆ ಬಳಸಿದ ಕಣ್ಣಿನ ಫೋಟೋಗಳಲ್ಲಿ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದ್ದೂ ಇದ್ದವು. ಲ್ಯಾಬ್‌ನಲ್ಲಿ ಫಲಿತಾಂಶ ತುಂಬಾ ಚೆನ್ನಾಗಿತ್ತು. ಆಮೇಲೆ ಥೈಲ್ಯಾಂಡ್‌ನ 11 ಕ್ಲಿನಿಕ್‌ಗಳಲ್ಲಿ ಅದು ಹೇಗೆ ನಡೆಯುತ್ತೆ ಅಂತ ನೋಡಿದ ಅಧ್ಯಯನ 2020ರಲ್ಲಿ ಬಂತು. ನರ್ಸ್‌ಗಳು ತೆಗೆದ 1838 ಫೋಟೋಗಳಲ್ಲಿ ಶೇ 21ರಷ್ಟನ್ನ ಎಐ "ಸ್ಪಷ್ಟವಾಗಿಲ್ಲ" ಅಂತ ವಾಪಸ್ ಕಳಿಸಿತ್ತು! ಕೆಲವು ಕ್ಲಿನಿಕ್‌ಗಳಲ್ಲಿ ಕೋಣೆ ಕತ್ತಲು ಮಾಡೋ ವ್ಯವಸ್ಥೆ ಇರಲಿಲ್ಲ. ಕೆಲವು ಕಡೆ ಇಂಟರ್ನೆಟ್ ನಿಧಾನ. ಫೋಟೋ ರಿಜೆಕ್ಟ್ ಆದ್ರೆ ರೋಗಿ ಇನ್ನೊಂದು ದಿನ, ಬೇರೆ ಕಡೆ, ತಜ್ಞರ ಹತ್ರ ಹೋಗ್ಬೇಕು.

"ಬೇರೆ ಕಡೆ ಹೋಗ್ಬೇಕು" ಅನ್ನೋ ಮಾತು ನನಗೆ ಚೆನ್ನಾಗಿ ಗೊತ್ತು. ನಮ್ಮ ಅಜ್ಜಿಗೂ ಶುಗರ್. ದೊಡ್ಡ ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಿ ಅಂತ ಬರೆದುಕೊಟ್ಟ ಚೀಟಿ ಎಂಟು ತಿಂಗಳಿಂದ ಅವಳ ಎಲೆಅಡಿಕೆ ಚೀಲದಲ್ಲೇ ಇದೆ. "ಬಸ್ ಫ್ರೀ ಅಲ್ವಾ ಅಜ್ಜಿ" ಅಂದ್ರೆ ನಗ್ತಾಳೆ. ಶಕ್ತಿ ಯೋಜನೆಯಲ್ಲಿ ಟಿಕೆಟ್‌ಗೆ ದುಡ್ಡಿಲ್ಲ, ನಿಜ. ಆದರೆ ಪಾಪೆ ಹಿಗ್ಗೋಕೆ ಕಣ್ಣಿಗೆ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಸರಿಯಾಗಿ ಕಾಣಲ್ಲ, ಜೊತೆಗೆ ಒಬ್ಬರು ಇರಲೇಬೇಕು. ಆ ಒಬ್ಬರು ನಮ್ಮಮ್ಮ. ಅಮ್ಮ ಹೋದ್ರೆ ಆ ದಿನದ ಹೊಲಿಗೆ ಕೂಲಿ ಇಲ್ಲ.

ಈಗ ಒಂದು ಲೆಕ್ಕ ಹಾಕೋಣ. ನೂರು ಜನಕ್ಕೆ ಪರೀಕ್ಷೆ ಮಾಡಿ, ಥೈಲ್ಯಾಂಡ್ ತರಾನೇ 21 ಜನರ ಫೋಟೋ ಸರಿ ಬರಲಿಲ್ಲ ಅಂತಿಟ್ಕೊಳ್ಳಿ. ಜೊತೆಗೆ ಹೋಗೋರ ದಿನದ ಕೂಲಿ 400 ಅಂದ್ರೂ 8,400 ರೂಪಾಯಿ. ಇದು ನರ್ಸಿಂಗ್ ಹೋಮ್‌ನ ಯಾವ ಲೆಡ್ಜರ್‌ಗೂ ಬರಲ್ಲ. ರೋಗಿಯ ಮನೆಯಿಂದ ಹೋಗೋ ದುಡ್ಡಿಗೆ ನಾವು ಅಕೌಂಟೇ ತೆಗೆದಿಲ್ಲ! ಇನ್ನು ಹೋಗದೇ ಉಳಿದವರ ಕಣ್ಣಿಗೆ ಏನಂತ ಬೆಲೆ ಬರೀತೀರಾ?

ಲೆಕ್ಕದಲ್ಲಿ ಯಾವ ಅಂಕಿ ಹಾಕ್ತೀವಿ ಅನ್ನೋದೇ ಎಲ್ಲ. ಅಮೆರಿಕದಲ್ಲಿ ಯಾರಿಗೆ ಹೆಚ್ಚಿನ ಆರೈಕೆ ಬೇಕು ಅಂತ ಹೇಳೋ ಒಂದು ಸಾಫ್ಟ್‌ವೇರ್ ಇತ್ತು. ಅದು ಕಾಯಿಲೆ ಎಷ್ಟಿದೆ ಅಂತ ಅಳೆಯೋ ಬದಲು, ಚಿಕಿತ್ಸೆಗೆ ಎಷ್ಟು ಖರ್ಚಾಗುತ್ತೆ ಅಂತ ಅಳೀತಿತ್ತು. ಕಪ್ಪು ಜನರ ಚಿಕಿತ್ಸೆಗೆ ಮೊದಲಿಂದಲೂ ಕಡಿಮೆ ಖರ್ಚು ಮಾಡ್ತಿದ್ದರಿಂದ ಅವರು "ಆರೋಗ್ಯವಾಗಿದ್ದಾರೆ" ಅಂತ ಲೆಕ್ಕಕ್ಕೆ ಬಂತು. 2019ರಲ್ಲಿ ಸಂಶೋಧಕರು ಇದನ್ನ ಹಿಡಿದರು. ಆ ತಪ್ಪು ಸರಿಮಾಡಿದ್ರೆ ಹೆಚ್ಚಿನ ಆರೈಕೆ ಸಿಗೋರಲ್ಲಿ ಕಪ್ಪು ಜನರ ಪಾಲು ಶೇ 17.7ರಿಂದ 46.5ಕ್ಕೆ ಏರುತ್ತೆ ಅಂತ ತೋರಿಸಿದರು. ಖರ್ಚು ಕಡಿಮೆ ಅಂದ್ರೆ ಕಾಯಿಲೆ ಕಡಿಮೆ ಅಂತಲ್ಲ. ಇದನ್ನ ಕಾಮರ್ಸ್‌ನವರು ಹೇಳದೇ ಇನ್ಯಾರು ಹೇಳ್ಬೇಕು?

ಹಾಗಂತ ಎಐ ಬೇಡ್ವೇ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮ ರಾಜ್ಯದಲ್ಲೇ 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನೋಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೀತಾರೆ, ಅದನ್ನ ಬೇಗ ಓದೋಕೆ ಎಐ ಸಹಾಯ ಮಾಡುತ್ತೆ, ಜಯದೇವದಂಥ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರ ಸಲಹೆ ಸಿಗುತ್ತೆ. ಹಾರ್ಟ್ ಅಟ್ಯಾಕ್ ಅಂತ ಗೊತ್ತಾದ್ರೆ ರಕ್ತದ ಗಡ್ಡೆ ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಅಂದ್ರೆ ಎಐ ಹೇಳಿದ ಮೇಲೆ ಏನು ಮಾಡ್ಬೇಕು ಅನ್ನೋದು ಮೊದಲೇ ತಯಾರಾಗಿದೆ. ಇಂಜೆಕ್ಷನ್ ಇಲ್ಲದೆ ಬರೀ ರಿಪೋರ್ಟ್ ಬೇಗ ಬಂದಿದ್ರೆ ರೋಗಿಗೆ ಏನು ಲಾಭ?

ಹಾಗಾಗಿ ನನ್ನ ಶೀಟ್‌ನಲ್ಲಿ ಬ್ರೇಕ್ ಈವನ್ ಕೆಳಗೆ ಮೂರು ಸಾಲು ಸೇರಿಸಿದೆ:

1. ಮೊದಲು ಎರಡು ತಿಂಗಳು ನಮ್ಮದೇ ಕೋಣೆ, ನಮ್ಮದೇ ನರ್ಸ್, ನಮ್ಮದೇ ನೆಟ್ ಇಟ್ಟುಕೊಂಡು ಟ್ರಯಲ್. ನೂರಕ್ಕೆ ಎಷ್ಟು ಫೋಟೋ ರಿಜೆಕ್ಟ್ ಆಗುತ್ತೆ ಅಂತ ಬರೆದಿಡೋದು.
2. ರಿಜೆಕ್ಟ್ ಆದ ಫೋಟೋವನ್ನ ಕಣ್ಣಿನ ಡಾಕ್ಟರ್ ಒಬ್ಬರು ಆನ್‌ಲೈನ್‌ನಲ್ಲಿ ನೋಡೋ ಹಾಗೆ ಒಪ್ಪಂದ. ಅವರ ಫೀಸು ನಮ್ಮ ಖರ್ಚಿಗೆ.
3. ದೊಡ್ಡ ಆಸ್ಪತ್ರೆಗೆ ಕಳಿಸಿದವರು ನಿಜವಾಗಿ ಹೋದ್ರಾ ಅಂತ ತಿಂಗಳೊಳಗೆ ಫೋನ್ ಮಾಡಿ ಕೇಳೋದು.

ಈ ಮೂರೂ ಸೇರಿದ ಮೇಲೆ ಬ್ರೇಕ್ ಈವನ್ ಸುಮಾರು ಮುಂದಕ್ಕೆ ಹೋಯ್ತು. ಡಾಕ್ಟರ್ ಶೀಟ್ ನೋಡಿ, "ಹಿಂಗಾದ್ರೆ ಲಾಭ ಯಾವಾಗಮ್ಮ?" ಅಂದ್ರು. "ತಡ ಆಗುತ್ತೆ ಸರ್" ಅಂದೆ. ಮೂರನೇ ಸಾಲಿನ ಮೇಲೆ ಪೆನ್ ಇಟ್ಟು ಸ್ವಲ್ಪ ಹೊತ್ತು ಕೂತಿದ್ರು. ಟ್ರಯಲ್‌ಗೆ ಕಂಪನಿಯವರನ್ನ ಕೇಳ್ತೀನಿ ಅಂದಿದ್ದಾರೆ. ಖರೀದಿ ಇನ್ನೂ ತೀರ್ಮಾನ ಆಗಿಲ್ಲ.

ನೀವು ನಾಳೆ ಯಾವುದೋ ಆಸ್ಪತ್ರೆಯ ಫೈನಾನ್ಸ್ ಸೆಕ್ಷನ್‌ನಲ್ಲಿ ಕೂತಿರಬಹುದು, ಇಂಥದ್ದೇ ಕೊಟೇಶನ್ ನಿಮ್ಮ ಟೇಬಲ್‌ಗೂ ಬರುತ್ತೆ. ಎಷ್ಟು ನಿಖರ, ಎಷ್ಟು ಬೆಲೆ ಅಂತ ಕೇಳಿ. ಅದು ತಪ್ಪಿದಾಗ ಖರ್ಚು ಯಾರ ಜೇಬಿಂದ ಹೋಗುತ್ತೆ ಅಂತಲೂ ಕೇಳಿ.

ಕಾಮೆಂಟ್‌ನಲ್ಲಿ ಹೇಳಿ: ನಿಮ್ಮ ಮನೇಲಿ ಶುಗರ್ ಇರೋರು ಕಣ್ಣು ತೋರಿಸಿ ಎಷ್ಟು ದಿನ ಆಯ್ತು? ಹೋಗೋಕೆ ಆಗದೇ ಇದ್ರೆ, ಯಾಕೆ?

#ಕಾಮರ್ಸ್‌ಕಣ್ಣಲ್ಲಿ #ಬಿಕಾಂ #ಭಾಗ6